ಬೋರ್ಡಿನ ಮೇಲೆ ತಪ್ಪು ಬರೆದ ವರ್ಷ

ಸಿಂಧನೂರು ಬಂತೆಂದು ನನಗೆ ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಮೂಗು ಹೇಳಿಬಿಡುತ್ತದೆ. ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯುವ ಹಬೆಯ ವಾಸನೆ, ಅದರ ಜೊತೆಗೆ ಹೊಟ್ಟು ಸುಟ್ಟ ಹೊಗೆ. ಹೊಸಬರಿಗೆ ತಲೆ ಹಿಡಿಯುತ್ತದೆ, ನನಗೆ ಹಸಿವಾಗುತ್ತದೆ. ಕಳೆದ ತಿಂಗಳು ಒಂದು ಮದುವೆಗೆಂದು ಕಲಬುರಗಿಯಿಂದ ಬಂದು ಅಲ್ಲಿ ಬಸ್ಸಿಳಿದಾಗ, ಆ ವಾಸನೆಗೆ ನನಗೆ ಮದುವೆ ಮರೆತೇ ಹೋಯಿತು. ಮೂರು ಊರುಗಳ ನಡುವೆ ಬಸ್ಸಿನಲ್ಲೇ ಸಂಸಾರ ಮಾಡಿದ ಒಂದು ವರ್ಷ ನೆನಪಾಯಿತು.

ಆಗ ನಾನು ಲಿಂಗಸುಗೂರಿನಲ್ಲಿ ಇತಿಹಾಸದ ಮೇಷ್ಟ್ರು. ನಮ್ಮ ಆಡಳಿತ ಮಂಡಳಿಗೆ ಮೂರು ಡಿಗ್ರಿ ಕಾಲೇಜುಗಳಿದ್ದವು. ಲಿಂಗಸುಗೂರಿನಲ್ಲಿ ಒಂದು, ಸಿಂಧನೂರಿನಲ್ಲಿ ಒಂದು, ನಡುವೆ ಮಸ್ಕಿಯಲ್ಲಿ ಒಂದು. ಸಿಂಧನೂರಿನ ಕಾಲೇಜಿನಲ್ಲಿ ಶಶಿಕಲಾ ಎಂಬ ಗಣಿತದ ಉಪನ್ಯಾಸಕಿ ಕೆಲವು ವರ್ಷಗಳಿಂದ ಬೇರೆಯೇ ರೀತಿ ಪಾಠ ಮಾಡುತ್ತಿದ್ದರು. ಅವರ ತರಗತಿಯಲ್ಲಿ ನಪಾಸಾಗುವವರು ಕಡಿಮೆಯಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ಅರ್ಧಕ್ಕೆ ಬಿಟ್ಟು ಹೋಗುವವರು ಕಡಿಮೆಯಾಗಿದ್ದರು. ಮಸ್ಕಿಯಲ್ಲಿ ಇದರ ತಿರುವುಮುರುವು. ಅಲ್ಲಿಯ ವಿಜ್ಞಾನ ವಿಭಾಗದಲ್ಲಿ ಮಳೆಗಾಲಕ್ಕೆ ತುಂಬಿದ ಬೆಂಚುಗಳು ದೀಪಾವಳಿಯ ಹೊತ್ತಿಗೆ ಖಾಲಿಯಾಗುತ್ತಿದ್ದವು. ಮಂಡಳಿಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಈ ವರ್ಷವೂ ಮಕ್ಕಳು ಉಳಿಯದಿದ್ದರೆ ಮಸ್ಕಿಯಲ್ಲಿ ಬಿ.ಎಸ್ಸಿ. ಮುಚ್ಚುವುದೇ ಸೈ.

ಶಶಿಕಲಾ ಅವರ ಪದ್ಧತಿಯನ್ನು ಮೂರೂ ಕಾಲೇಜುಗಳಿಗೆ, ಎಲ್ಲ ವಿಷಯಗಳಿಗೆ ಹಬ್ಬಿಸಲು ಪ್ರಾಚಾರ್ಯರಿಗೆ ನೆರವಾಗುವ ಒಬ್ಬ ಮನುಷ್ಯ ಬೇಕಾಗಿತ್ತು. ಮೀಟಿಂಗಿನಲ್ಲಿ ಎಲ್ಲರೂ ಜಾಣತನದಿಂದ ತಲೆ ತಗ್ಗಿಸಿದ್ದ ಹೊತ್ತಿನಲ್ಲಿ ನಾನು ಚಹಾ ಬಂತೇನೋ ಎಂದು ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಇತಿಹಾಸದವನಿಗೆ ಗಣಿತದ ಉಸಾಬರಿ ಯಾಕೆ ಎಂದು ಕೇಳುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

ಮೊದಲು ಸಿಂಧನೂರಿಗೆ ಹೋಗಿ ಶಶಿಕಲಾ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ತುರ್ವಿಹಾಳದ ಹೆಣ್ಣುಮಗಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಅವರ ಮನೆಯ ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲಲ್ಲಿ ಸ್ಕೂಟಿ. ಅವರ ಪದ್ಧತಿ ಕೇಳಿದರೆ ಇಷ್ಟೇನಾ ಎನ್ನಿಸುತ್ತದೆ. ಹಿಂದಿನ ದಿನ ಮಕ್ಕಳು ಬರೆದ ಉತ್ತರಗಳಲ್ಲಿ ಒಂದು ಒಳ್ಳೆಯ ತಪ್ಪನ್ನು ಆರಿಸಿ, ಯಾರದೆಂದು ಹೇಳದೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಪಾಠ ಅಲ್ಲಿಂದ ಶುರು. ಅಂದು ಬೋರ್ಡಿನ ಮೇಲಿದ್ದದ್ದು, ಅರ್ಧಕ್ಕೆ ಮೂರರಲ್ಲಿ ಒಂದು ಪಾಲು ಕೂಡಿಸಿದರೆ ಐದರಲ್ಲಿ ಎರಡು ಪಾಲು ಎಂಬ ಲೆಕ್ಕ. ಡಿಗ್ರಿ ಓದುವವರೂ ಇದರಲ್ಲಿ ತಪ್ಪುತ್ತಾರೆ.

"ಇದನ್ನ ಬರದವ ದಡ್ಡ ಅಲ್ಲ," ಎಂದರು ಶಶಿಕಲಾ. "ಎಲ್ಲಿತನ ಬರೋಬ್ಬರಿ ಬಂದಾನ, ಎಲ್ಲಿ ದಾರಿ ತಪ್ಯಾನ, ಬಾಜೂದವ್ರ ಕೂಡ ಮಾತಾಡಿ ಹೇಳ್ರಿ."

ತರಗತಿ ಸಂತೆಯಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಎದ್ದಳು. "ಮೇಡಂ, ಅರ್ಧ ರೊಟ್ಟಿ ಇತ್ತು. ಮ್ಯಾಲ ಮತ್ತ ಹಾಕಿದ್ರು. ಉತ್ತರ ನೋಡಿದ್ರ ಅರ್ಧಕ್ಕಿಂತ ಕಮ್ಮಿ ಆಗೈತಿ. ನಡುವ ಯಾರ ತಿಂದ್ರು?" ಇಡೀ ತರಗತಿ ನಕ್ಕಿತು. ಆ ತಪ್ಪು ಬರೆದವನೂ ನಗುತ್ತಿದ್ದನೆಂದು ಕಾಣುತ್ತದೆ, ಯಾಕೆಂದರೆ ನಗದೆ ಇದ್ದ ಒಂದು ಮುಖವೂ ನನಗೆ ಕಾಣಲಿಲ್ಲ. ಆಮೇಲೆ ಶಶಿಕಲಾ ಪಾಠ ಮಾಡಿದರು, ಚಿಕ್ಕದಾಗಿ, ಬೇಕಾದಷ್ಟೇ.

ಹೊರಗೆ ಬಂದು ನಾನು ಉಬ್ಬಿ ಹೋಗಿ ಮಾತಾಡಿದೆ. ಅವರು ಸೆರಗಿಗೆ ಅಂಟಿದ ಸೀಮೆಸುಣ್ಣದ ಪುಡಿ ಕೊಡವುತ್ತ, "ಇದು ನಮ್ಮ ಬಾಜೂ ಕ್ಲಾಸಿಗೇ ಇನ್ನೂ ಹೋಗಿಲ್ಲ ಸರ, ಮಸ್ಕಿಗೆ ಹೆಂಗ ಒಯ್ತೀರಿ?" ಎಂದರು. ನಾನು ಅದನ್ನು ವಿನಯ ಎಂದುಕೊಂಡೆ.

ಲಿಂಗಸುಗೂರಿನ ನಮ್ಮ ಪ್ರಾಚಾರ್ಯರು ಬಾಯಿ ತುಂಬ ಮಾತು, ಮನಸ್ಸು ತುಂಬ ಪ್ರೀತಿ ಇದ್ದ ಮನುಷ್ಯ. ನಾನು ಕಂಡದ್ದನ್ನು ಹೇಳಿದೊಡನೆ ಕುರ್ಚಿಯಿಂದ ಎದ್ದೇಬಿಟ್ಟರು. "ಇಂಥವ್ರಿಗೆ ಒಂದು ಸನ್ಮಾನ ಮಾಡ್ಲಿಲ್ಲಂದ್ರ ಹೆಂಗ್ರಿ?" ನಮ್ಮ ಕಡೆ ಒಳ್ಳೆಯದು ಕಂಡಮೇಲೆ ಸುಮ್ಮನೆ ಕೂರುವ ಪದ್ಧತಿಯೇ ಇಲ್ಲ. ಮಗ ಪಾಸಾದರೆ ಶಾಲು, ಮೇಷ್ಟ್ರಿಗೆ ಬಡ್ತಿ ಬಂದರೆ ಶಾಲು, ಬೋರ್‌ವೆಲ್ಲಿಗೆ ನೀರು ಬಿದ್ದರೆ ಕೊರೆದವನಿಗೂ ಶಾಲು. ಮೂರೂ ಕಾಲೇಜುಗಳ ಸಿಬ್ಬಂದಿಯನ್ನು ಲಿಂಗಸುಗೂರಿಗೆ ಕರೆಸಿ, ವೇದಿಕೆ ಕಟ್ಟಿ, ಶಶಿಕಲಾ ಅವರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆವು. ಹಾರ, ಹಣ್ಣಿನ ಬುಟ್ಟಿ, ಫಲಕ. ಪ್ರಾಚಾರ್ಯರು ಮೈಕು ಹಿಡಿದು, "ಇವರಂಥವರು ಇನ್ನೊಬ್ಬರು ಹುಟ್ಟುವುದಿಲ್ಲ" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಜೆಯವರೆಗೆ ವಾಟ್ಸಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ.

ಮಾರನೆಯ ವಾರದಿಂದ ನಾನು ಯಾರ ಕೋಣೆಗೆ ಹೋದರೂ ಒಂದೇ ರಾಗ. ಅದು ಶಶಿಕಲಾ ಮೇಡಂ ಅವರಿಗೆ ಒಲಿದ ವಿದ್ಯೆ, ನಮ್ಮಂಥವರ ಕೈಲಿ ಎಲ್ಲಿ ಆಗಬೇಕು? ಸಿಂಧನೂರಿನ ಅವರ ಸಹೋದ್ಯೋಗಿಗಳು ಕೂಡ ಅದನ್ನೇ ಅಂದರು. ಮೊದಲಾದರೆ ಅದು ಯಾರೂ ಗಮನಿಸದ ಒಂದು ಪಾಠವಾಗಿತ್ತು. ಈಗ ಅದು ಮೇಡಂ ಅವರ ಕಾರ್ಯಕ್ರಮವಾಗಿತ್ತು, ಕಾರ್ಯಕ್ರಮ ಮುಗಿದೂ ಹೋಗಿತ್ತು. ಇನ್ನೊಬ್ಬರು ಹುಟ್ಟುವುದಿಲ್ಲ ಎಂದು ಮೈಕಿನಲ್ಲಿ ಸಾರಿದ ಮೇಲೆ ಹುಟ್ಟಲು ಯಾರು ಮುಂದೆ ಬರುತ್ತಾರೆ? ಒಂದು ದಿನ ಬಸ್ಸಿನಲ್ಲಿ ಶಶಿಕಲಾ ಸಿಕ್ಕಾಗ, "ಶಾಲು ಹೊದಿಸಿ ಮೂಲ್ಯಾಗ ಕುಂದ್ರಿಸಿದ್ರಿ ನೋಡ್ರಿ ಸರ ನನ್ನ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಸ್ಕಿಯ ಕಾಲೇಜಿಗೆ ಆ ವರ್ಷ ಪ್ರಭಾರ ಪ್ರಾಚಾರ್ಯೆಯಾಗಿದ್ದವರು ಮಹಾದೇವಿ. ರಾಜ್ಯಶಾಸ್ತ್ರದವರು, ಮಸ್ಕಿಯವರೇ. ಬಜಾರಿನಲ್ಲಿ ಅವರ ಅಣ್ಣಂದಿರದು ಬಟ್ಟೆ ಅಂಗಡಿ. ಮಾತು ಕಡಿಮೆ, ಆಡಿದರೆ ಪೆಟ್ಟು ಒಂದು ತುಂಡು ಎರಡು. ನಾನು ಮಂಡಳಿಯ ತೀರ್ಮಾನದ ಬಗ್ಗೆ ಸುತ್ತಿ ಬಳಸಿ ಮಾತಾಡುತ್ತಿದ್ದಾಗ ಅವರು ನಡುವೆಯೇ ತಡೆದರು.

"ಇಲ್ಲಿ ಮುಚ್ಚಿದ್ರ ಗಂಡ್ಹುಡುಗ್ರು ಸಿಂಧನೂರಿನ ಬಸ್ ಹತ್ತತಾರ್ರಿ. ಹೆಣ್ಹುಡುಗ್ರು ಮನ್ಯಾಗ ಉಳೀತಾರ. ಮಸ್ಕಿತನ ಅಂದ್ರ ಕಳಸ್ತಾರ, ಮಸ್ಕಿ ದಾಟಿ ಕಳ್ಸಂಗಿಲ್ಲ. ನನಗ ಇದೊಂದ ಫಿಕರ್."

ಮಕ್ಕಳು ಬಿಟ್ಟು ಹೋಗುತ್ತಿದ್ದದ್ದು ಹೆಚ್ಚಾಗಿ ಗಣಿತಕ್ಕೆ ಹೆದರಿ. ಗಣಿತ ಹೇಳುತ್ತಿದ್ದವರು ವೀರನಗೌಡರು, ಊರಿನ ಹಳೆಯ ಒಕ್ಕಲು ಮನೆತನದ ಹಿರಿಯರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ. ರಜೆ ಹಾಕಿದವರಲ್ಲ, ತಡವಾಗಿ ಬಂದವರಲ್ಲ. ಶಶಿಕಲಾ ಅವರ ಪದ್ಧತಿಯ ಮಾತೆತ್ತಿದರೆ ಮಾತ್ರ ಮುಖ ಗಂಟು. "ಆ ಮೇಡಂ ಅವರಿಗೆ ಒಲದ ವಿದ್ಯಾ ಅದು, ಇರ್ಲಿ. ಆದ್ರ ಗುರು ಅಂದ್ಮ್ಯಾಲ ಬೋರ್ಡಿನ ಮ್ಯಾಲ ತಪ್ಪು ಬರೀಬಾರ್ದ್ರಿ. ಬರದ್ರ ತಪ್ಪ ತಲ್ಯಾಗ ಕುಂದರ್ತೈತಿ." ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. ಗುರುವಿನ ಪಾದ ಮುಟ್ಟಿ ಪರೀಕ್ಷೆಗೆ ಹೋಗುವ ಮಕ್ಕಳ ಊರು ಅದು.

ದಸರೆ ಮುಗಿದು, ಮಸ್ಕಿಯ ಸುತ್ತಿನ ಕಪ್ಪು ಮಣ್ಣಿನ ಎರಿ ಹೊಲಗಳು ಹತ್ತಿ ಒಡೆದು ಬೆಳ್ಳಗಾದವು. ಒಬ್ಬೊಬ್ಬರಾಗಿ ಹುಡುಗಿಯರು ಬರುವುದು ನಿಂತಿತು. ಕೇಳಿದರೆ ಹತ್ತಿ ಬಿಡಿಸಲು ಹೋಗ್ಯಾರ ಎಂಬ ಉತ್ತರ. ಮೊದಲ ವರ್ಷದ ರೇಣುಕಾ ಎಂಬುವಳು ಒಳ್ಳೆಯ ಹುಡುಗಿ, ಅವಳೂ ಬರದಿದ್ದಾಗ ಮಹಾದೇವಿ ನನ್ನನ್ನು ಕರೆದುಕೊಂಡು ಆಟೋ ಹತ್ತಿದರು. ಹೊಲದ ದಂಡೆಯಲ್ಲಿ ನಿಂತಾಗ ಬಿಸಿಲು ಚುರುಗುಡುತ್ತಿತ್ತು. ರೇಣುಕಾಳ ತಾಯಿ ಉಡಿ ತುಂಬ ಹತ್ತಿ ಕಟ್ಟಿಕೊಂಡೇ ಬಂದರು.

"ನಾ ಬ್ಯಾಡಂದಿಲ್ರಿ ಬಾಯಾರ. ಕೂಲಿಗೆ ಆಳು ಸಿಗ್ತಾರ. ಆಕಿನ ಒಲ್ಲೆ ಅಂತಾಳ."

ರೇಣುಕಾ ತಲೆಯೆತ್ತಲಿಲ್ಲ. ಹತ್ತಿ ಮುಗಿದ ಮೇಲೆ ಬರುತ್ತೇನೆಂದಳು. ಮಹಾದೇವಿ ಪಕ್ಕದ ಗಿಡದ ಹತ್ತಿ ಬಿಡಿಸುತ್ತ ನಿಂತರು. ಕೊನೆಗೆ ಹುಡುಗಿಯೇ ಅಂದಳು, "ಇಲ್ಲಿ ಯಾರೂ ಎದ್ದು ನಿಂದ್ರು, ಉತ್ತರ ಹೇಳು ಅನ್ನಂಗಿಲ್ರಿ ಮೇಡಂ. ಗೊತ್ತಿಲ್ಲಂದ್ರ ಎಲ್ಲಾರೂ ಹೊಳ್ಳಿ ನೋಡಂಗಿಲ್ಲ."

ಇಷ್ಟು ವರ್ಷ ಹತ್ತಿಯನ್ನು, ಬಡತನವನ್ನು, ತಂದೆತಾಯಿಯರನ್ನು ದೂರಿದ್ದೆವು. ಮಹಾದೇವಿ ಮಾತ್ರ ತೀರ ಸಾದಾ ದನಿಯಲ್ಲಿ, "ನಾಳಿ ನಾನೂ ಗೌಡ್ರ ಕ್ಲಾಸಿನ್ಯಾಗ ಬೆಂಚಿನ ಮ್ಯಾಲ ಕುಂದರ್ತೀನಿ. ನನಗೂ ಗಣಿತ ಬರಂಗಿಲ್ಲ. ನೀ ನನ್ನ ಬಾಜೂ ಕುಂದ್ರು, ಇಬ್ರೂ ಕೂಡೇ ಎದ್ದು ನಿಂದ್ರೂಣಂತ," ಎಂದರು. ತಾಯಿ ನಕ್ಕುಬಿಟ್ಟರು. ಹುಡುಗಿ ನಗಲಿಲ್ಲ, ಆದರೆ ಮರುದಿನ ಬಂದಳು.

ಆ ತರಗತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರಾಚಾರ್ಯೆ ಬಂದರೆಂದು ವೀರನಗೌಡರು ಕುರ್ಚಿ ಎಳೆದು ಕೊಟ್ಟರು. ಮಹಾದೇವಿ ಒಲ್ಲೆನೆಂದು ರೇಣುಕಾಳ ಪಕ್ಕ ಹೋಗಿ ಕೂತರು. ನಾನು ಬಾಗಿಲ ಬಳಿಯ ಬೆಂಚಿನಲ್ಲಿ. ಗೌಡರು ಲೆಕ್ಕ ಬರೆಯುತ್ತ ಹೋದರು. ನಡುವೆ ಎ ಮತ್ತು ಬಿ ಕೂಡಿಸಿ ವರ್ಗ ಮಾಡುವ ಒಂದು ಮೆಟ್ಟಿಲು ಬಂತು. ಮಹಾದೇವಿ ಕೈ ಎತ್ತಿದರು.

"ಗೌಡ್ರ, ಎ ವರ್ಗ ತಿಳೀತು, ಬಿ ವರ್ಗ ತಿಳೀತು. ನಡುವ ಈ ಎರಡು ಎಬಿ ಎಲ್ಲಿಂದ ಬಂತು?"

"ಅದು ಸೂತ್ರ ಮೇಡಂ."

"ಸೂತ್ರ ಹೌದ್ರಿ. ಯಾಕ ಬಂತು? ನಾ ಆಗಿದ್ರ ಹಿಂಗ ಬರೀತಿದ್ದೆ." ಎದ್ದು ಹೋಗಿ ಬೋರ್ಡಿನ ಮೇಲೆ ಎ ವರ್ಗ, ಬಿ ವರ್ಗ, ಅಷ್ಟೇ ಬರೆದರು. ತಪ್ಪು. ಪ್ರಾಚಾರ್ಯರ ಕೈಬರಹದಲ್ಲಿ, ದೊಡ್ಡದಾಗಿ. ಗೌಡರ ಕೈ ತಾನಾಗಿಯೇ ಡಸ್ಟರಿನ ಕಡೆ ಹೋಯಿತು. "ಅಳಸಬ್ಯಾಡ್ರಿ," ಎಂದು ಮಹಾದೇವಿ ಮಕ್ಕಳ ಕಡೆ ತಿರುಗಿದರು. "ನಾ ಎಲ್ಲಿ ತಪ್ಪೀನಿ? ಹೇಳ್ರಿ. ಬಾಜೂದವ್ರನ್ನ ಕೇಳಿ ಹೇಳ್ರಿ."

ಪ್ರಾಚಾರ್ಯರಿಗೆ ತಪ್ಪು ಎಂದು ಹೇಳುವವರು ಯಾರು? ಕಡೆಗೆ ಹಿಂದಿನ ಬೆಂಚಿನಿಂದ ಒಬ್ಬ ದನಿ ತೆಗೆದ. "ಮೇಡಂ, ಎ ಮೂರು, ಬಿ ಎರಡು ಹಿಡೀರಿ. ಕೂಡಿದ್ರ ಐದು, ಐದರ ವರ್ಗ ಇಪ್ಪತ್ತೈದು. ನಿಮ್ಮ ಲೆಕ್ಕದಾಗ ಒಂಬತ್ತು, ನಾಲ್ಕು, ಹದಿಮೂರ ಆಗ್ತೈತಿ."

"ಹೌದಲ್ಲೋ! ಮತ್ತ ಹನ್ನೆರಡು ಎಲ್ಲಿ ಹೋತು?"

ಅವರ ದನಿಯಲ್ಲಿದ್ದ ಆಶ್ಚರ್ಯ ನಾಟಕದ್ದಲ್ಲ ಎಂದು ಮಕ್ಕಳಿಗೆ ಗೊತ್ತಾಯಿತು. ಕಟ್ಟೆ ಒಡೆಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಬೆಂಚಿನ ಮೇಲೆ ಬೆರಳಿನಿಂದ ಗೀಚಿದರು, ಒಬ್ಬರನ್ನೊಬ್ಬರು ಜರೆದರು. ರೇಣುಕಾ ಪಕ್ಕದ ಇಬ್ಬರ ಜೊತೆ ಪಿಸುಗುಟ್ಟಿ, ಇನ್ನೂ ಹಿಂಜರಿಯುತ್ತಲೇ ಹೋಗಿ ಬೋರ್ಡಿನ ಮೇಲೆ ಒಂದು ಚೌಕ ಹೊಲ ಬರೆದಳು. ಬದುವನ್ನು ಎರಡು ಕಡೆ ಸರಿಸಿ ಹೊಲ ದೊಡ್ಡದು ಮಾಡಿದಳು. "ಹಳೇ ಹೊಲ ಒಂಬತ್ತು ಎಣಿಸೀರಿ. ಮೂಲ್ಯಾಗಿನ ತುಂಡು ನಾಲ್ಕು ಎಣಿಸೀರಿ. ಈ ಬಾಜೂಕ ಒಂದು ಪಟ್ಟಿ, ಈ ಬಾಜೂಕ ಒಂದು ಪಟ್ಟಿ, ಆರು ಆರು. ಇವೆರಡೂ ಬಿಟ್ಟೀರಿ ಮೇಡಂ."

ಮಹಾದೇವಿ ಬೋರ್ಡನ್ನೇ ನೋಡುತ್ತ ನಿಂತರು. "ಈ ವಯಸ್ಸಿಗೆ ತಿಳೀತು ನೋಡವ್ವ," ಎಂದರು. ವೀರನಗೌಡರ ಮುಖ ಕೆಂಪಾಗಿತ್ತು. ತಮ್ಮ ಪುಸ್ತಕ ಎತ್ತಿಕೊಂಡು ಹೊರಟುಹೋದರು. ಕೆಟ್ಟಿತು ಕೆಲಸ ಎಂದುಕೊಂಡೆ ನಾನು.

ಮೂರು ನಾಲ್ಕು ದಿನ ಅವರು ನಮ್ಮಿಬ್ಬರ ಮುಖ ನೋಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ವರಾಂಡದಲ್ಲಿ ಹೋಗುವಾಗ ಗಣಿತದ ಕೋಣೆಯ ಬಾಗಿಲು ಮುಚ್ಚಿತ್ತು. ಕಿಟಕಿಗಳೂ ಮುಚ್ಚಿದ್ದವು, ಆ ಸೆಕೆಯಲ್ಲಿ. ಒಳಗಿನಿಂದ ಜಗಳದಂಥ ಗದ್ದಲ. ನಡುವೆ ಗೌಡರ ದನಿ: "ತಡೀರಿ, ತಡೀರಿ, ಎಲ್ಲಿತನ ಬರೋಬ್ಬರಿ ಐತಿ ಹೇಳ್ರಿ ಮೊದಲ!" ನಾನು ಬಾಗಿಲು ತಟ್ಟಲು ಕೈಯೆತ್ತಿದೆ. ಮಹಾದೇವಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು.

"ಹೋಗಬ್ಯಾಡ್ರಿ. ನೋಡೀವಿ ಅಂತ ಅವರಿಗೆ ಗೊತ್ತಾಗಬಾರ್ದು. ಮತ್ತ, ಸರ, ಯಾರೂ ಅವರನ್ನ ಹೊಗಳಬ್ಯಾಡ್ರಿ. ಹೊಗಳಿದ್ರ ಅದು ಗೌಡ್ರ ಕಾರ್ಯಕ್ರಮ ಆಗ್ತೈತಿ."

ಸನ್ಮಾನದ ಪಾಠವನ್ನು ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಿದ್ದರು. ಹೊಗಳದೆ ಇರುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟದ ಕೆಲಸ ಎಂದು ಅನುಭವಿಸಿದವರಿಗೇ ಗೊತ್ತು. ನಾಲಿಗೆ ಕಚ್ಚಿಕೊಂಡು ಓಡಾಡಿದೆ. ಮಹಾದೇವಿ ಮಾಡಿದ್ದು ಇಷ್ಟೇ: ವಾರಕ್ಕೊಮ್ಮೆ ಯಾವುದಾದರೂ ಬೇರೆ ತರಗತಿಯಲ್ಲಿ ಹೋಗಿ ಕೂತು, ತಮಗೆ ತಿಳಿಯದ್ದನ್ನು ಕೇಳುವುದು. ರಸಾಯನಶಾಸ್ತ್ರಕ್ಕೆ ಹೋದರು, ಕನ್ನಡಕ್ಕೆ ಹೋದರು, ವಾಣಿಜ್ಯಕ್ಕೆ ಹೋದರು. ಅವರು ಕೇಳಿದ ಮೇಲೆ ಮಕ್ಕಳು ಕೇಳಿದರು. ಮಕ್ಕಳು ಕೇಳತೊಡಗಿದ ಮೇಲೆ ಮೇಷ್ಟ್ರುಗಳಿಗೆ ಬೇರೆ ದಾರಿ ಉಳಿಯಲಿಲ್ಲ. ಚಳಿಗಾಲದ ಹೊತ್ತಿಗೆ ಚಹಾದ ವೇಳೆಯಲ್ಲಿ ಅವರೆಲ್ಲ ಒಬ್ಬರಿಗೊಬ್ಬರು ಆ ದಿನದ ಒಳ್ಳೆಯ ತಪ್ಪುಗಳನ್ನು ಹೇಳಿಕೊಂಡು ನಗುವುದನ್ನು ಕಂಡೆ. ಗಣಿತದ ಕೋಣೆಯ ಬಾಗಿಲೂ ತೆರೆದುಕೊಂಡಿತು, ಒಳಗೆ ಬೆಳಕು ಸಾಲದ್ದಕ್ಕೆ ಎಂದರು ಗೌಡರು. ನನ್ನ ಮುಂದೆ ಒಮ್ಮೆ ಮಾತ್ರ ಹೇಳಿಕೊಂಡರು: "ಸೂತ್ರ ಎಲ್ಲಿಂದ ಬಂತು ಅಂತ ಯಾರರ ಕೇಳಿದ್ರ ಅಂತ ನನಗ ಮೊದಲಿಂದ ಅಂಜಿಕಿ ಇತ್ರಿ. ಕೇಳಿದ್ರು. ಏನೂ ಆಗ್ಲಿಲ್ಲ."

ಈ ಸುದ್ದಿ ಹೇಳಲು ನಾನು ಸಿಂಧನೂರಿಗೆ ಓಡಿದೆ. ಖುಷಿಯ ಜೊತೆ ಸಿಟ್ಟೂ ಇತ್ತು ನನಗೆ. ಮಸ್ಕಿಯಲ್ಲಿ ಯಾರನ್ನು ಕೇಳಿದರೂ ಇದು ನಮ್ಮ ಪ್ರಾಚಾರ್ಯರು ಶುರು ಮಾಡಿದ್ದು ಎನ್ನುತ್ತಿದ್ದರು. ಶಶಿಕಲಾ ಅವರ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಮಂಡಳಿಗೆ ವರದಿ ಬರೆಯುವಾಗ ಮೊದಲ ಸಾಲಿನಲ್ಲೇ ನಿಮ್ಮ ಹೆಸರು ಹಾಕುತ್ತೇನೆಂದೆ. ಶಶಿಕಲಾ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಿದರು.

"ಬ್ಯಾಡ್ರಿ ಸರ. ನನ್ನಂಥಾ ಕೇರಿಯಾಕಿ ಕಡಿಂದ ಬಂದದ್ದು ಅಂತ ಗೌಡ್ರಿಗೆ ಗಂಟಲಾಗ ಇಳೀಲಿಲ್ಲೋ, ನೀವು ಶಾಲು ಹೊದಿಸಿದ್ದಕ್ಕ ಇಳೀಲಿಲ್ಲೋ, ನನಗ ಗೊತ್ತಿಲ್ಲ. ಎರಡೂ ಇರಬಹುದು. ಆದ್ರ ಆ ಹುಡುಗಿ ಹತ್ತಿ ಹೊಲದಿಂದ ಬಂದಾಳಲ್ಲ? ಹೆಸರು ತಗೀರಿ. ಪಾಠ ಉಳೀಲಿ."

ಅವರ ಕಣ್ಣಲ್ಲಿ ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೂ ನೋವಾಯಿತು. ಆದರೂ ಅವರು ಹೇಳಿದಂತೆಯೇ ಮಾಡಿದೆ.

ಎರಡನೆಯ ಸೆಮಿಸ್ಟರಿನಲ್ಲಿ ಮಂಡಳಿಯವರು ಮಸ್ಕಿಗೆ ಬಂದಾಗ ಬೆಂಚುಗಳು ತುಂಬಿದ್ದವು. ನೋಡಿದರು, ಇನ್ನೊಂದು ವರ್ಷ ನಡೆಯಲಿ ಎಂದರು. ನಮ್ಮ ಲಿಂಗಸುಗೂರಿನ ಪ್ರಾಚಾರ್ಯರು ಅಭ್ಯಾಸಬಲದಿಂದ ಶಾಲಿಗೆ ಕೈ ಹಾಕಿದ್ದರು. ನಾನು ಅವರ ಕೈ ಹಿಡಿದೆ. ಅವರು ಜಾಣರು, ಮರುವರ್ಷ ತಾವೇ ಬೆಂಚಿನ ಮೇಲೆ ಕೂರತೊಡಗಿದರು. ಅಷ್ಟರಲ್ಲಿ ನಾನು ನಿವೃತ್ತನಾಗಿ ಕಲಬುರಗಿಗೆ ಬಂದೆ. ರೇಣುಕಾ ಡಿಗ್ರಿ ಮುಗಿಸಿದಳೆಂದು ಮಹಾದೇವಿಯವರು ಫೋನಿನಲ್ಲಿ ತಿಳಿಸಿದ್ದರು. ಅವರೂ, ಗೌಡರೂ ಈಗ ಕಾಲೇಜಿನಲ್ಲಿಲ್ಲ.

ಕಳೆದ ತಿಂಗಳು ಮದುವೆಯಲ್ಲಿ ಶಶಿಕಲಾ ಸಿಕ್ಕರು. ಊಟ ಮುಗಿಯುತ್ತಲೇ, "ಮಸ್ಕಿಗೆ ಹೋಗಿ ಬರೂಣ ನಡ್ರಿ ಸರ, ನಾ ಆ ಕಾಲೇಜು ನೋಡೇ ಇಲ್ಲ," ಎಂದರು. ಹೋದೆವು. ಮಸ್ಕಿಯಲ್ಲಿ ನಮ್ಮನ್ನು ಗುರುತಿಸುವವರು ಯಾರೂ ಇರಲಿಲ್ಲ. ಗಣಿತದ ಕೋಣೆಯಿಂದ ಆಗಷ್ಟೇ ಹೊರಬಂದ ಒಬ್ಬ ತರುಣ ಉಪನ್ಯಾಸಕ ನಮ್ಮನ್ನು ಪಾಲಕರೆಂದು ತಿಳಿದ.

"ಅಡ್ಮಿಶನ್ನಿಗೆ ಬಂದೀರೇನ್ರಿ?"

"ಹೌದ್ರಿ, ಮಗಳದು," ಎಂದರು ಶಶಿಕಲಾ, ಕಣ್ಣು ಮಿಟುಕಿಸದೆ.

ಆತ ಉತ್ಸಾಹದಿಂದ ಒಳಗೆ ಕರೆದೊಯ್ದ. ಬೋರ್ಡಿನ ಮೇಲೆ ಯಾರದೋ ತಪ್ಪು ಲೆಕ್ಕ, ಅದರ ಸುತ್ತ ಹಲವು ಕೈಗಳ ಬರಹ. "ಇದು ನಮ್ಮಲ್ಲಿಯ ಪದ್ಧತಿರಿ. ತಪ್ಪಿನಿಂದನ ಶುರು ಮಾಡ್ತೀವಿ, ಎಲ್ಲಾ ವಿಷಯದಾಗೂ," ಎಂದು ಶಶಿಕಲಾ ಅವರಿಗೇ ಬಿಡಿಸಿ ಹೇಳಿದ. ನನಗೆ ತಡೆಯಲಾಗಲಿಲ್ಲ. ಇದನ್ನು ಯಾರು ಶುರು ಮಾಡಿದರು ಎಂದು ಕೇಳಿದೆ.

"ಯಾರೋ ಗೊತ್ತಿಲ್ರಿ. ಮೊದಲಿಂದನೂ ಇಲ್ಲಿ ಹಿಂಗ ಐತಿ."

ನಾನು ಬಾಯಿ ತೆರೆಯುವ ಮೊದಲೇ ಶಶಿಕಲಾ ಮುಂದೆ ಬಂದರು. "ಸರ, ನಮ್ಮ ಹುಡುಗಿ ಗಣಿತದಾಗ ಜರಾ ಹಿಂದ ಅದಾಳ್ರಿ. ಬಾಳ ಅಂಜತಾಳ. ತಪ್ಪು ಹೇಳಿದ್ರ ಬೈತೀರೇನು?"

ಆ ತರುಣ ನಕ್ಕ. "ಬೈಯೋದ್ಯಾಕ್ರಿ ಅಮ್ಮಾ? ತಪ್ಪು ಹೇಳವ್ರಿಲ್ಲಂದ್ರ ನಮ್ಮ ಪಾಠನ ಶುರು ಆಗಂಗಿಲ್ಲ."

ಹೊರಗೆ ಬಂದು ಗೇಟಿನವರೆಗೆ ನಡೆದೆವು. ನಾನು ತಮಾಷೆಗೆಂದು, ಸುಳ್ಳು ಚೆನ್ನಾಗಿ ಹೇಳುತ್ತೀರಿ ಮೇಡಂ ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸುಳ್ಳಲ್ಲ ಸರ. ನನ್ನ ಮಗಳು ಪಿ.ಯು. ಮುಗಿಸ್ಯಾಳ. ಗಣಿತ ಅಂದ್ರ ಅಳ್ತಾಳ. ತಾಯಿ ಕಲಿಸೋ ಕಾಲೇಜಿಗೆ ಸುತಾರಾಂ ಒಲ್ಲೆ ಅಂತಾಳ, ಎಲ್ಲಾರೂ ಶಶಿಕಲಾ ಮೇಡಂ ಮಗಳು ಅಂತ ನೋಡ್ತಾರಂತ. ಎಲ್ಲಿಗೆ ಹಚ್ಚಬೇಕು ಅಂತ ನನಗ ನಿದ್ದಿ ಇದ್ದಿಲ್ಲ."

ಅಷ್ಟು ಹೇಳಿ, ನನ್ನನ್ನು ಅಲ್ಲೇ ಬಿಟ್ಟು, ಅರ್ಜಿ ಕೇಳಲು ತಿರುಗಿ ಒಳಗೆ ಹೋದರು.